ಹೊನ್ನಯ್ಯನವರ ಹೊಟ್ಟೆಯಲ್ಲಿ ಅವ್ವ

ತಮ್ಮ ಹೊಟ್ಟೆಯೊಳಗೆ ಮೂವತ್ತೆಂಟು ಲಕ್ಷ ಕೋಟಿ ಜೀವಗಳು ವಾಸವಾಗಿವೆ ಎಂಬ ಸಂಗತಿ ಹೊನ್ನಯ್ಯನವರಿಗೆ ತಿಳಿದದ್ದು ಅವರ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಮಂಡ್ಯದ ಒಂದು ಸಮುದಾಯ ಭವನದಲ್ಲಿ, ಹಗಲು ಹನ್ನೆರಡೂವರೆ ಗಂಟೆಗೆ. ಬೇರೆ ಯಾರಾದರೂ ಆಗಿದ್ದರೆ ಹೊಟ್ಟೆಯನ್ನು ಒಂದು ಸಲ ಸವರಿಕೊಂಡು ಊಟಕ್ಕೆ ಏಳುತ್ತಿದ್ದರು. ಆದರೆ ಹೊನ್ನಯ್ಯನವರು ಮೂವತ್ತೆರಡು ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದವರು. ಐವತ್ತೆರಡು ಸೀಟಿನ ಬಸ್ಸಿಗೆ ಎಪ್ಪತ್ತು ಜನ ಹತ್ತಿದರೇ ಎದೆ ಡವಡವ ಅನ್ನುತ್ತಿದ್ದ ಮನುಷ್ಯ. ಮೂವತ್ತೆಂಟು ಲಕ್ಷ ಕೋಟಿ ಎಂದ ಕೂಡಲೇ ಅವರು ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂತರಂತೆ, ಒಳಗಿನವರಿಗೆ ಜಾಗವಾಗಲಿ ಎಂದು.

ಅವರನ್ನು ಅಲ್ಲಿಗೆ ಕಳಿಸಿದ್ದು ಅವರ ಮನೆಯವರು ಚಿಕ್ಕಬೋರಮ್ಮ. ವಯಸ್ಸಾದವರಿಗೆ ಬಿ.ಪಿ., ಶುಗರ್ ಪುಕ್ಕಟೆ ನೋಡುತ್ತಾರೆ ಎಂದು ಯಾರೋ ಹೇಳಿದ್ದರು. ಶುಗರ್ ನೋಡಿ ಆದಮೇಲೆ ಡಾಕ್ಟರ್ ನುಜ್ಹತ್ ಎಂಬ ಚಿಕ್ಕ ವಯಸ್ಸಿನ ವೈದ್ಯೆ ಭಾಷಣಕ್ಕೆ ನಿಂತರು. ನಮ್ಮ ಕರುಳಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿವೆ, ಅವು ನಾವು ಅರಗಿಸಲಾರದ್ದನ್ನು ಅರಗಿಸಿಕೊಡುತ್ತವೆ, ರೋಗ ತಡೆಯುವುದಕ್ಕೂ ನೆರವಾಗುತ್ತವೆ. ವಯಸ್ಸಾದಂತೆ ಅವುಗಳ ಬಗೆಗಳು ಕಡಿಮೆಯಾಗುತ್ತ ಹೋಗಬಹುದು, ಬಗೆಬಗೆಯ ಸೊಪ್ಪು ಕಾಳು ತಿಂದರೆ ಒಳ್ಳೆಯದು. ಹುಟ್ಟುವಾಗ ಮೊದಲ ಜೀವಿಗಳು ಬರುವುದು ತಾಯಿಯಿಂದ. ಆಪರೇಷನ್ ಮಾಡಿ ತೆಗೆದ ಮಕ್ಕಳಿಗೆ ಆ ಹೊತ್ತಿನಲ್ಲಿ ತಾಯಿಯವು ಅಷ್ಟಾಗಿ ದಕ್ಕುವುದಿಲ್ಲ. ಆಂಟಿಬಯಾಟಿಕ್ ಮಾತ್ರೆಗಳನ್ನು ಸುಮ್ಮಸುಮ್ಮನೆ ನುಂಗಬೇಡಿ, ಅವು ಒಳ್ಳೆಯ ಜೀವಿಗಳನ್ನೂ ಕೊಲ್ಲುತ್ತವೆ. ಇಷ್ಟು ಹೇಳಿ ಡಾಕ್ಟರಮ್ಮ, "ಆದರೆ..." ಎಂದರು.

ಗೋಡೆಯ ಗಡಿಯಾರ ಒಂದು ಹೊಡೆಯಿತು. ಮದ್ದೂರಿನ ಮೇಲೆ ಮಳವಳ್ಳಿಗೆ ಹೋಗುವ ಬಸ್ಸು ಒಂದೂ ಹದಿನೈದಕ್ಕೆ. ಅದರ ಹಿಂದೆಯೇ ಇನ್ನೂ ಮೂರು ಬಸ್ಸುಗಳಿದ್ದವು ಎಂಬುದು ಬೇರೆ ಮಾತು. ಹೊರಡುವ ಹೊತ್ತಿಗೆ ಹೊರಡದಿರುವುದು ಹೊನ್ನಯ್ಯನವರ ಕೈಯಲ್ಲಿ ಆಗುವ ಕೆಲಸವಲ್ಲ. ಎದ್ದರು, ಡಾಕ್ಟರಮ್ಮನಿಗೆ ಕೈ ಮುಗಿದರು, ಹೋದರು. ಕೂತು ಕಾವ್ಯ ಕೇಳಿ ಬೆಳೆದ ನಮ್ಮಂಥವರಿಗೆ ಚಿಕ್ಕಂದಿನಲ್ಲೇ ಒಂದು ನಿಯಮ ಹೇಳಿಕೊಡುತ್ತಾರೆ: ಪದ್ಯ ಮುಗಿಯುವ ಮೊದಲು ಏಳಬಾರದು. ಬಿಲ್ಲು ಎತ್ತಿದ್ದನ್ನು ಕೇಳಿ ಎದ್ದು ಹೋದವನಿಗೆ ಬಾಣ ಯಾರಿಗೆ ತಾಗಿತೆಂಬುದು ತಿಳಿಯುವುದೇ ಇಲ್ಲ. ಹೊನ್ನಯ್ಯನವರು ಬಿಲ್ಲನ್ನು ಎತ್ತಿಸಿಕೊಂಡು ಬಸ್ಸು ಹತ್ತಿಬಿಟ್ಟರು.

ಮದ್ದೂರು ದಾಟುವ ಹೊತ್ತಿಗೆ ಅವರ ತಲೆಯಲ್ಲಿ ಒಂದು ಯೋಚನೆ ಹುಟ್ಟಿತು. ಮಳವಳ್ಳಿ ಬರುವ ಹೊತ್ತಿಗೆ ಅದು ಬೆಳೆದು ದೊಡ್ಡದಾಗಿ ಅವರ ಕಣ್ಣಲ್ಲಿ ನೀರು ತರಿಸಿತ್ತು.

"ಸುಗರ್ ಎಷ್ಟದಂತೆ?" ಎಂದು ಚಿಕ್ಕಬೋರಮ್ಮ ಬಾಗಿಲಲ್ಲೇ ಕೇಳಿದರು.

"ಸುಗರ್ ಕತೆ ಅತ್ಲಾಗಿರ್ಲಿ. ನಮ್ಮವ್ವ ಸತ್ತಿಲ್ಲ ಕಣೆ."

ಚಿಕ್ಕಬೋರಮ್ಮ ಅವರೇಕಾಯಿ ಬಿಡಿಸುವುದನ್ನು ನಿಲ್ಲಿಸಿದರು. "ನಿಮ್ಮವ್ವ ಓಗಿ ಅನ್ನೊಂದ್ ವರ್ಸ ಆಯ್ತು. ಮಣ್ಣಿಗಿಟ್ಟೋರು ನೀವೇ."

"ಮಣ್ಣಿಗಿಟ್ಟುದ್ದು ಮೇಲ್ಗಡೆದು. ಒಳಗಿಂದು ಇಲ್ಲೇ ಅದೆ." ಹೊನ್ನಯ್ಯನವರು ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಿಟ್ಟರು. "ಉಟ್ಟೋವಾಗ ಅವ್ವನ್ ತಾವಿಂದ ನನ್ನೊಳಕ್ ಅತ್ತಿರೋ ಜೀವಗಳು. ಅವ್ವಂಗೆ ಅವ್ರವ್ವನ್ ತಾವಿಂದ. ಇಡೀ ವಂಸನೇ ಇಲ್ಲಿ ಕುಂತದೆ. ಡಾಕ್ಟ್ರಮ್ಮನೇ ಯೋಳಿದ್ರು."

ಅತ್ತೆಯ ಕೆಳಗೆ ಮೂವತ್ತಮೂರು ವರ್ಷ ಬಾಳ್ವೆ ಮಾಡಿದ್ದ ಚಿಕ್ಕಬೋರಮ್ಮ ಒಂದು ಹೆಜ್ಜೆ ಹಿಂದೆ ಸರಿದರು.

"ಅಯ್ಯೋ ಸಿವನೇ! ಅಲ್ಲಿಗೂ ಬಂದವ್ರಾ?"

ಮಾರನೆಯ ದಿನದಿಂದ ಆ ಮನೆಯಲ್ಲಿ ಇಬ್ಬರಿಗೆ ಅಡುಗೆಯಾಗುತ್ತಿದ್ದ ಕಡೆ ಮೂವತ್ತೆಂಟು ಲಕ್ಷ ಕೋಟಿ ಮತ್ತು ಒಬ್ಬರಿಗೆ ಆಗತೊಡಗಿತು. ಅವ್ವನಿಗೆ ಮೆಂತ್ಯ ಇಷ್ಟ, ಅವ್ವನಿಗೆ ತಂಗಳು ಅಂಬಲಿ ಬೇಕು, ಅವ್ವನಿಗೆ ಕಾಫಿ ಸುಡುತ್ತದೆ. ಕೂರುವಾಗ ಮೆಲ್ಲಗೆ ಕೂರುವರು, ಎದುರಿಗೆ ಹಂಪು ಬಂದರೆ ಆಟೋ ನಿಲ್ಲಿಸಿ ಇಳಿದು ನಡೆದು ದಾಟಿ ಮತ್ತೆ ಹತ್ತುವರು. ಎದುರು ಮನೆಯ ಮಕ್ಸೂದ್‌ಗೆ ಸ್ಕೂಟರ್ ಗ್ಯಾರೇಜು; ಮೂವತ್ತು ವರ್ಷದ ಸ್ನೇಹ. ಅವನಿಗೂ ಒಳ್ಳೆಯ ಸುದ್ದಿ ಕೊಡಲು ಹೊನ್ನಯ್ಯನವರು ಹೋದರು.

"ಮಕ್ಸೂದು, ನಿನ್ನೊಟ್ಟೇಲೂ ನಿಮ್ಮಮ್ಮ ಅವ್ಳೆ ಕಣ್ಲಾ."

ಗ್ಯಾರೇಜಿನ ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದ ಎಂಬತ್ತರ ಜಾನ್ ಬೀ ತಲೆಯೆತ್ತಿದರು. "ನಾನಿಲ್ಲೇ ಇವ್ನಿ ಕಣಪ್ಪ ಹೊನ್ನಯ್ಯ. ಅವನೊಟ್ಟೆ ಒಳಕ್ಕೆ ಯಾಕ್ ಓಗ್ಲಿ? ಅವ್ನು ತಿನ್ನೋ ಬೋಂಡಕ್ಕೆ ಅಲ್ಲಿ ಯಾರಾದ್ರೂ ಇರಕ್ಕಾಯ್ತದಾ?"

ಮಕ್ಸೂದ್ ಸ್ಪ್ಯಾನರ್ ಒರೆಸಿಕೊಳ್ಳುತ್ತ ಹೊನ್ನಯ್ಯನವರ ಹೊಟ್ಟೆಯನ್ನೇ ನೋಡಿದ. "ಅಣ್ಣ, ಇಷ್ಟು ಲೋಡ್ ಇಟ್ಕಂಡು ನೀನು ಬರಿಗಾಲಲ್ಲಿ ಓಡಾಡ್ತೀಯಲ್ಲ, ಟೈರ್ ಜ್ವಾಪಾನ."

ಅದು ನಗಲೆಂದು ಹೇಳಿದ ಮಾತು. ಹತ್ತೇ ದಿನಕ್ಕೆ ನಿಜವಾಯಿತು. ವಾರಕ್ಕೆ ಮೂವತ್ತು ಬಗೆಯ ಸೊಪ್ಪು ಕಾಳು ತರಕಾರಿ ತಿನ್ನಬೇಕೆಂದು ಹೊನ್ನಯ್ಯನವರು ಲೆಕ್ಕ ಇಟ್ಟಿದ್ದರು. ಇಪ್ಪತ್ತೊಂಬತ್ತಾಗಿತ್ತು. ಮೂವತ್ತನೆಯದಕ್ಕೆ ಹೊನಗೊನ್ನೆ ಸೊಪ್ಪು ಕೀಳಲು ಕಾಲುವೆ ಏರಿಗೆ ಹೋದರು, ಕೆಸರೆಂದು ಚಪ್ಪಲಿ ಕಳಚಿಟ್ಟರು, ತುಕ್ಕು ಹಿಡಿದ ಬೇಲಿತಂತಿ ಬಲಗಾಲಿನ ಕಿರುಬೆರಳಿನ ಬುಡಕ್ಕೆ ನಾಟಿತು. ಅಂದು ಗುರುವಾರ. ಶುಕ್ರವಾರ ಬೆರಳು ಬದನೆಕಾಯಿಯಾಗಿತ್ತು.

ಪೇಟೆ ಬೀದಿಯ ಡಾಕ್ಟರು ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು, ಮಾತ್ರೆ ಬರೆದರು. "ಐದು ದಿನ, ಬೆಳಿಗ್ಗೆ ಒಂದು ರಾತ್ರಿ ಒಂದು. ಒಂದನ್ನೂ ತಪ್ಪಿಸಬೇಡಿ. ನಿಮಗೆ ಶುಗರ್ ಇದೆ. ಕೀವು ಮೇಲಕ್ಕೆ ಏರಿದರೆ ಬೆರಳು ಉಳಿಯಲ್ಲ. ಇನ್ನೂ ಏರಿದರೆ ಕಾಲಿಗೇ ಬರುತ್ತೆ."

"ಇದು ಆಂಟಿಬಯಾಟಿಕ್ಕಾ ಸಾರ್?"

"ಹೌದು."

"ಒಳಗಿರೋರ್ನೂ ಇಳಿಸ್ಬುಡ್ತದಾ?"

ಆಚೆ ಇಪ್ಪತ್ತು ಜನ ಕಾಯುತ್ತಿದ್ದರು. ಡಾಕ್ಟರು ಧೈರ್ಯ ಹೇಳುವ ದನಿಯಲ್ಲಿ, "ಯೋಚನೆ ಮಾಡಬೇಡಿ, ಒಂದು ಕ್ರಿಮೀನೂ ಉಳಿಯಲ್ಲ!" ಎಂದುಬಿಟ್ಟರು.

ಇಷ್ಟು ಸಾಕಾಯಿತು.

ಭಾನುವಾರ ಅವರ ಮನೆಯಲ್ಲಿ ಪಕ್ಷದ ಹಬ್ಬ. ತೀರಿಹೋದ ಹಿರಿಯರಿಗೆ ಎಡೆ ಇಡುವ ದಿನ. ಬೆಳಿಗ್ಗೆ ಚಿಕ್ಕಬೋರಮ್ಮ ಮನೆ ಸಾರಿಸಿ ಧೂಳು ಹೊಡೆಯುತ್ತಿದ್ದಾಗ, ಗೂಟಕ್ಕೆ ನೇತುಹಾಕಿದ್ದ ಹಳೆಯ ಖಾಕಿ ಅಂಗಿಯ ಜೇಬಿನಿಂದ ನಾಲ್ಕು ಮಾತ್ರೆ ಉದುರಿದವು. ಒಂದೊಂದೂ ಒಂದಿಷ್ಟು ನೆನೆದು ಒಣಗಿತ್ತು.

"ಇಕಾ, ಇದೇನಿದು? ನುಂಗ್ದೆ ಅಂದ್ರಿ?"

"ಬಾಯ್ಗಾಕಂಡೆ ಅಂದೆ. ನುಂಗ್ದೆ ಅಂತ ಯಾವಾಗಂದೆ?" ಹೊನ್ನಯ್ಯನವರು ಕಂಬಳಿ ಹೊದ್ದು ಮಲಗಿದ್ದರು. ಹಲ್ಲು ಕಟಕಟ ಅನ್ನುತ್ತಿತ್ತು.

ಚಿಕ್ಕಬೋರಮ್ಮ ಕಂಬಳಿ ಎತ್ತಿ ಕಾಲು ನೋಡಿದರು. ಪಾದ ಊದಿ ಹೊಳೆಯುತ್ತಿತ್ತು. ಗಾಯದಿಂದ ಒಂದು ಕೆಂಪು ಗೆರೆ ಹೊರಟು ಕಾಲಿನ ಹರಡನ್ನು ದಾಟಿ ಮೇಲೆ ಬರುತ್ತಿತ್ತು.

"ನಮ್ಮಪ್ಪಂಗೂ ಇಂಗೇ ಗೆರೆ ಬಂದುದ್ದು. ಮಂಡಿ ಗಂಟ ತಗುದ್ರು. ನಾನ್ ಕಣ್ಣಾರೆ ಕಂಡಿವ್ನಿ. ನಿಮ್ ಕಾಲ್ ಇಡ್ಕಂತೀನಿ, ಒಂದ್ ಮಾತ್ರೆ ನುಂಗಿ."

"ಅವ್ವನ್ ಸಾಯ್ಸಿ ನಾನು ಕಿರುಬೆಳ್ಳು ಉಳಿಸ್ಕಳ್ನಾ? ಅದೂ ಎಡೆ ಇಕ್ಕೋ ದಿನ? ಬೇಕಾರೆ ಕಾಲ್ ಓಗ್ಲಿ ಬುಡು. ಕಾಲಲ್ಲಿ ಯಾರೂ ಇಲ್ಲ."

ಚಿಕ್ಕಬೋರಮ್ಮ ಆ ನಾಲ್ಕು ಮಾತ್ರೆಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಪಕ್ಕದ ನಮ್ಮ ಮನೆಗೆ ಬಂದರು. "ನೀವು ನಾಕಕ್ಸರ ಓದ್ಕಂಡಿರೋರು. ನಿಮ್ ಮಾತಾದ್ರೂ ಕೇಳ್ತರೇನೋ, ಬನ್ನಿ" ಎಂದರು. ನಾನು, ಸಂಜೆ ಅವರ ಅಕ್ಕ ತಮ್ಮ ಬರುತ್ತಾರಲ್ಲ, ಒಡಹುಟ್ಟಿದವರು ಹೇಳಿದರೆ ಒಪ್ಪುತ್ತಾರೆ ಎಂದೆ. ಕಡಿಮೆ ಮಾತಾಡುವುದು ನನ್ನ ಅಭ್ಯಾಸ. ಅಂದು ಅದು ಅಭ್ಯಾಸವಾಗಿರಲಿಲ್ಲ, ಪುಕ್ಕಲುತನವಾಗಿತ್ತು. ಆ ಹೊತ್ತಿಗೆ ಗೆರೆ ಇನ್ನೂ ಎರಡು ಬೆರಳು ಮೇಲೆ ಬಂದಿರಬೇಕು.

ಸಂಜೆಗೆ ಹಲಗೂರಿನಿಂದ ಅಕ್ಕ ಮರಿತಾಯಮ್ಮ ಬಂದರು. ಎಪ್ಪತ್ತಮೂರು ವರ್ಷ, ಗಟ್ಟಿ ಗಂಟಲು. ಹನಕೆರೆಯಿಂದ ತಮ್ಮ ನಾಗರಾಜು ಬಂದ. ಹಾಲಿನ ಡೈರಿಯಲ್ಲಿ ಕೆಲಸ ಮಾಡಿದ, ಎತ್ತರದ ದನಿಯಲ್ಲಿ ಮಾತಾಡಿ ಗೊತ್ತಿಲ್ಲದ ಮನುಷ್ಯ. ಜೊತೆಯಲ್ಲಿ ಕಾಲೇಜು ಓದುವ ಮಗಳು ದೀಪಿಕ. ಚಿಕ್ಕಬೋರಮ್ಮ ಒಬ್ಬೊಬ್ಬರನ್ನೂ ಅಡುಗೆಮನೆಗೆ ಕರೆದು ಕಾಲಿನ ಸಂಗತಿ ಹೇಳಿದರು. ಎಡೆ ಆಗಿಬಿಡಲಿ, ಆಮೇಲೆ ಮೂವರೂ ಸೇರಿ ಬಾಯಿ ತೆರೆಸಿ ಹಾಕೋಣ ಎಂದು ಮರಿತಾಯಮ್ಮ ತೀರ್ಮಾನ ಮಾಡಿದರು.

ನಮ್ಮ ಕಡೆ ಎಡೆ ಇಡುವ ಕ್ರಮ ಹೀಗೆ. ನಡುಮನೆಯಲ್ಲಿ ಕಳಸ ಇಟ್ಟು, ತೀರಿಹೋದವರಿಗೆ ತಂದ ಹೊಸ ಬಟ್ಟೆ ಇಟ್ಟು, ಬಾಳೆಲೆಯ ಮೇಲೆ ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಬಡಿಸಿ, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಹಿರಿಯರು ಬಂದು ಉಣ್ಣುವ ತನಕ ಒಳಗೆ ಯಾರೂ ಇರಬಾರದು. ಒಂದಷ್ಟು ಹೊತ್ತು ಬಿಟ್ಟು ಬಾಗಿಲು ತಟ್ಟಿ ತೆರೆಯುತ್ತಾರೆ. ಹಾಗೆಯೇ ಮಾಡಿದರು. ಹೊನ್ನಯ್ಯನವರು ಹಿತ್ತಲ ಕಡೆಯ ಕೋಣೆಯಲ್ಲಿ ಜ್ವರದಲ್ಲಿ ಮಲಗಿದ್ದಾರೆ, ಏಳಿಸುವುದು ಬೇಡ ಎಂದುಕೊಂಡರು. ದೀಪ ಹಚ್ಚುವ ಹೊತ್ತು. ಜಗಲಿಯ ಮೇಲೆ ಮನೆಯವರು, ಕೆಳಗೆ ನಾನು, ಮಕ್ಸೂದ್.

ಒಳಗಿನಿಂದ ಕರುಂ ಎಂದು ಸದ್ದಾಯಿತು.

"ಕೇಳಿಸ್ತಾ?" ಎಂದರು ಮರಿತಾಯಮ್ಮ.

"ಬೆಕ್ಕು ಕಣಕ್ಕ" ಎಂದ ನಾಗರಾಜು.

"ಬೆಕ್ಕು ವಡೆ ತಿಂದದಾ? ಅದೂ ಕರುಂ ಅಂತ?"

ಮತ್ತೆ ಕರುಂ. ಆಮೇಲೆ ಸೊರ್ ಎಂದು ಏನನ್ನೋ ಹೀರಿದ ಸದ್ದು. ದೀಪಿಕ ಅಪ್ಪನ ತೋಳು ಹಿಡಿದಳು. ಅಷ್ಟರಲ್ಲಿ ಒಂದು ತೇಗು ಬಂತು. ಒಂದು ಉದ್ದದ್ದು, ಹಿಂದೆಯೇ ಎರಡು ಗಿಡ್ಡವು.

ಮರಿತಾಯಮ್ಮ ಎದೆ ಹಿಡಿದುಕೊಂಡರು. "ಅವ್ವಂದೇ! ಒಂದ್ ಉದ್ದ, ಎಲ್ಡ್ ಗಿಡ್ಡ! ಅವ್ವ ಬಂದವ್ಳೆ ಕಣ್ರೋ! ಕೈ ಮುಗೀರಿ!"

ಎಲ್ಲರೂ ಮುಗಿದೆವು. ಮಕ್ಸೂದನೂ ಮುಗಿದ. ನಾಗರಾಜು ಚಪ್ಪಲಿ ಬಿಟ್ಟು ಬಾಗಿಲಿಗೆ ಹಣೆ ಹಚ್ಚಿ ನಿಂತ. "ಅವ್ವ, ನಾನು ನಾಗ. ಕಡೇ ದಿನ ಹುರುಳಿಕಟ್ಟಿನ ಸಾರು ಕೇಳ್ದೆ. ಡಾಕ್ಟ್ರು ಬ್ಯಾಡ ಅಂದ್ರು ಅಂತ ಕೊಡ್ನಿಲ್ಲ. ತಪ್ಪಾಯ್ತು ಕಣವ್ವ. ಇವತ್ತು ಮಾಡ್ಸಿವ್ನಿ, ಉಂಡ್ಯಾ?"

ಒಳಗಿನಿಂದ ಜ್ವರಕ್ಕೆ ಒಡೆದ ಸಣ್ಣ ದನಿಯಲ್ಲಿ ಉತ್ತರ ಬಂತು:

"ಉಪ್ಪು ಕಮ್ಮಿ."

ಅಲ್ಲಿಯವರೆಗೆ ನಂಬದೆ ನಿಂತಿದ್ದವರು ಚಿಕ್ಕಬೋರಮ್ಮ ಒಬ್ಬರೇ. ಆ ಮಾತು ಕೇಳಿದ್ದೇ ಅವರು ಆರತಿ ತಟ್ಟೆ ಕೆಳಗಿಟ್ಟು ತಲೆಯ ಮೇಲೆ ಸೆರಗು ಎಳೆದುಕೊಂಡರು. "ಅತ್ತೆಮ್ಮನೇ! ಮೂವತ್ಮೂರು ವರ್ಸ ಇದ್ನೇ ಅಂದುದ್ದು! ಇನ್ಯಾರೂ ಅಲ್ಲ!"

ಬಾಗಿಲು ತೆರೆಯುವ ಧೈರ್ಯ ಮನೆಯವರಲ್ಲಿ ಯಾರಿಗೂ ಇರಲಿಲ್ಲ. ಕೊನೆಗೆ ಮಕ್ಸೂದ್ ಬಿಸ್ಮಿಲ್ಲಾ ಎಂದು ತಳ್ಳಿದ.

ಧೂಪದ ಹೊಗೆಯ ನಡುವೆ, ಎಡೆಯ ಮುಂದಿನ ಮಣೆಯ ಮೇಲೆ, ಅವ್ವನಿಗೆಂದು ಇಟ್ಟಿದ್ದ ಹೊಸ ಹಸಿರು ಸೀರೆಯನ್ನು ಚಳಿಗೆ ಹೊದ್ದುಕೊಂಡು ಹೊನ್ನಯ್ಯನವರು ಕೂತಿದ್ದರು. ಕೈಯಲ್ಲಿ ಅರ್ಧ ವಡೆ ಇತ್ತು.

"ಅಣ್ಣ!" ಎಂದ ನಾಗರಾಜು.

"ಲೇ ಹೊನ್ನ! ಇರೀಕರ ಎಡೆಗೆ ಬಾಯಾಕ್ತಿಯೇನ್ಲಾ!" ಮರಿತಾಯಮ್ಮನ ದನಿ ಪೇಟೆ ಬೀದಿಗೆ ಕೇಳಿಸಿತು.

"ನಾನೆಲ್ಲಿ ತಿಂದೆ? ಅವ್ವಂಗೆ ಉಣ್ಣುಸ್ತಾ ಇವ್ನಿ. ಅವ್ವ ಇಲ್ಲೇ ಒಳಗವ್ಳೆ. ಆಕಾಸದಿಂದ ಬಾ ಅಂತ ಯಾಕ್ ಕರೀತೀರಿ? ನೇರ ಬಸ್ಸು ನಿಂತಿರೋವಾಗ ಎಲ್ಡ್ ಬಸ್ ಬದಲಾಯಿಸ್ತರಾ ಯಾರಾದ್ರೂ?"

ಆಮೇಲೆ ಮಂಡ್ಯದಲ್ಲಿ ಕೇಳಿದ್ದನ್ನೆಲ್ಲ ಹೇಳಿದರು. ಜ್ವರದ ಮಾತು, ಆದರೂ ಒಂದು ಕೊಂಡಿಯೂ ತಪ್ಪಲಿಲ್ಲ. ಮರಿತಾಯಮ್ಮನ ಮುಖದಲ್ಲಿ ಸಿಟ್ಟು ಇಳಿದು ಇನ್ನೇನೋ ಹತ್ತಿತು. "ಉಟ್ಟೋವಾಗ ಬತ್ತವಾ? ಅಂಗಾರೆ ಮೊದ್ಲು ಉಟ್ಟೋಳು ನಾನು. ಅವ್ವ ಬಾಳಾ ಬಂದಿರಾದು ನಂಗೆ. ನಿಂಗೆ ಬಂದುದ್ದು ನಾನ್ ಬುಟ್ಟುದ್ದು."

"ನಾನೇನ್ ಇಲ್ಲ ಅಂದ್ನಾ? ನಿನ್ನೊಳ್ಗೂ ಅವ್ಳೆ. ಬಾ, ಕುಂತ್ಕ."

ಬಾಯಿ ತೆರೆಸಿ ಮಾತ್ರೆ ಹಾಕಬೇಕಾದ ಸೇನಾಪತಿಯೇ ಮಣೆ ಎಳೆದುಕೊಂಡು ಎಡೆಯ ಮುಂದೆ ಕೂತು ಕಜ್ಜಾಯಕ್ಕೆ ಕೈ ಹಾಕಿದರು. ಚಿಕ್ಕಬೋರಮ್ಮ ಹಣೆ ಚಚ್ಚಿಕೊಂಡರು. ನಾಗರಾಜು ಕಣ್ಣೊರೆಸಿಕೊಂಡು, ತಾನೂ ಅಕ್ಕನ ಪಕ್ಕ ಕೂರಲು ಮಂಡಿ ಮಡಿಸಿದ. ಆಗ ಹೊನ್ನಯ್ಯನವರು, ತುಂಬಿದ ಬಸ್ಸಿನ ಬಾಗಿಲಲ್ಲಿ ನಿಂತವರ ಹಾಗೆ, ಕೈ ಅಡ್ಡ ಹಿಡಿದರು.

"ನೀನ್ ಬ್ಯಾಡ ಕಣ್ಲಾ."

"ಯಾಕಣ್ಣ?"

"ನೀನು ಆಪರೇಸನ್ನು. ಮೈಸೂರಾಸ್ಪತ್ರೇಲಿ ಒಟ್ಟೆ ಕುಯ್ದು ತಗುದ್ರು ನಿನ್ನ. ಅಂಥೋರಿಗೆ ತಾಯಿದು ಬರಲ್ವಂತೆ. ಅವ್ವ ನಿನ್ನೊಳಕ್ಕೆ ಅತ್ತೇ ಇಲ್ಲ."

ನಾಗರಾಜು ಮಡಿಸಿದ ಮಂಡಿಯನ್ನು ಹಾಗೆಯೇ ನೀಡಿ ಎದ್ದು ನಿಂತ. ಅವನು ಕೂಗಾಡಿದ್ದರೆ ಚೆನ್ನಾಗಿತ್ತು.

"ಕಡೇ ಮೂರ್ ವರ್ಸ ಅವ್ವ ಎಲ್ಲಿದ್ಲಣ್ಣ?"

"ನಿನ್ ತಾವು. ಹನಕೆರೇಲಿ."

"ತುತ್ತಿಕ್ಕುತಿದ್ದೋರು ಯಾರು?"

"ನೀನು."

"ಆಪರೇಸನ್ ಕೈ ಅಂತ ಅವ್ವ ಒಂದಿನಾನೂ ಬ್ಯಾಡ ಅನ್ನಲಿಲ್ಲ ಕಣಣ್ಣ" ಎಂದವನೇ ಚಪ್ಪಲಿಯನ್ನೂ ಹಾಕಿಕೊಳ್ಳದೆ ಬೀದಿ ದಾಟಿ, ಮಕ್ಸೂದನ ಗ್ಯಾರೇಜಿನ ಮುಂದಿದ್ದ ಟೈರಿನ ಮೇಲೆ ನಮಗೆ ಬೆನ್ನು ಮಾಡಿ ಕೂತುಬಿಟ್ಟ.

"ಲೇ ನಾಗ" ಎಂದು ಹೊನ್ನಯ್ಯನವರು ಏಳಲು ಹೋದರು. ಬಲಗಾಲು ಊರಿದ್ದೇ ಸೀರೆಸಮೇತ ಕುಸಿದರು. ಮಕ್ಸೂದ್ ಪಂಚೆ ಸರಿಸಿ ನೋಡಿದ. ಗೆರೆ ಮೀನಖಂಡದ ಅರ್ಧಕ್ಕೆ ಬಂದಿತ್ತು.

ಕಜ್ಜಾಯ ಮರಿತಾಯಮ್ಮನ ಕೈಯಿಂದ ಬಿತ್ತು.

ಚಿಕ್ಕಬೋರಮ್ಮ ಅಳಲಿಲ್ಲ. ದೇವರ ಪಟದ ಹಿಂದಿನಿಂದ ಮಂಡ್ಯದಲ್ಲಿ ಹಂಚಿದ್ದ ಕಾಗದ ತೆಗೆದು ದೀಪಿಕಳ ಕೈಗಿಟ್ಟರು. "ಅಚ್ಚಾಕಿರೋ ನಂಬರ್ಗೆ ಮಾಡವ್ವ. ಬೆಂಕಿ ಅಚ್ಚಿದೋರೇ ಬಂದು ಆರುಸ್ಲಿ."

ಎರಡು ಸಲ ಹೊಡೆದುಕೊಂಡು ನಿಂತಿತು. ಮೂರನೆಯ ಸಲ ಡಾಕ್ಟರ್ ನುಜ್ಹತ್ ಎತ್ತಿದರು. ದೀಪಿಕ ಫೋನಿನ ಸ್ಪೀಕರ್ ಹಾಕಿ ಎಲ್ಲ ಹೇಳಿದಳು.

"ಮುಂದಿನ ಸಾಲಲ್ಲಿ ಕೂತಿದ್ದು, ಒಂದು ಗಂಟೆಗೆ ಕೈ ಮುಗಿದು ಎದ್ದು ಹೋದರಲ್ಲ, ಅವರಾ? ಭಾಷಣ ಬೇಜಾರಾಯ್ತೇನೋ ಅಂದ್ಕೊಂಡೆ."

"ಬಸ್ಸಿತ್ತು ಡಾಕ್ಟ್ರಮ್ಮ" ಎಂದರು ನೆಲದ ಮೇಲಿಂದ ಹೊನ್ನಯ್ಯನವರು. "ನಾನು ಕಂಡಕ್ಟ್ರು."

"ನಾನು 'ಆದರೆ' ಅಂದಿದ್ದೆ ಸರ್. ಅದರ ಮುಂದಿನದ್ದನ್ನ ಈಗ ಕೇಳಿ. ಆದರೆ, ಬೇಕಾದಾಗ ಆಂಟಿಬಯಾಟಿಕ್ ತೊಗೊಳ್ಳದೇ ಇದ್ರೆ ಜೀವ ಹೋಗುತ್ತೆ. ಗೆರೆ ಮೇಲಕ್ಕೆ ಬರ್ತಿದೆ ಅಂದ್ರೆ ಈಗ ಮಾತ್ರೆಯೂ ಸಾಲಲ್ಲ. ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಬನ್ನಿ."

"ಬಂದ್ರೆ ಅವ್ವ?"

ಡಾಕ್ಟರಮ್ಮ ನಗುತ್ತಾರೇನೋ ಅಂದುಕೊಂಡೆ, ನಗಲಿಲ್ಲ. "ನೀವು ಕಂಡಕ್ಟರು ಅಂದ್ರಲ್ಲ. ಬಸ್ಸೇ ನಾಲೆಗೆ ಉರುಳಿದ್ರೆ ಒಳಗಿರೋರು ಉಳೀತಾರಾ ಸರ್? ಔಷಧಿಗೆ ಒಂದಷ್ಟು ಹೋಗ್ತಾವೆ. ಆಮೇಲೆ ಎಷ್ಟೋ ವಾಪಸ್ ಬರ್ತಾವೆ. ಎಲ್ಲವೂ ಅಂತ ಸುಳ್ಳು ಹೇಳಲ್ಲ. ಇನ್ನೊಂದು. ಹುಟ್ಟುವಾಗ ಬರೋದು ಶುರು ಮಾತ್ರ. ಆಪರೇಷನ್ ಮಕ್ಕಳಿಗೂ ಕೆಲವು ವರ್ಷದಲ್ಲಿ ಹೆಚ್ಚು ಕಡಿಮೆ ಎಲ್ಲ ಬಂದು ಸೇರ್ಕೊಳ್ಳುತ್ತೆ. ಒಂದೇ ಮನೇಲಿ ಬಾಳಿದೋರು, ಒಟ್ಟಿಗೆ ಉಂಡೋರು, ಇವೆಲ್ಲಾನೂ ಒಬ್ಬರಿಂದ ಒಬ್ಬರು ಪಡೀತಾನೇ ಇರ್ತಾರೆ."

ಚಿಕ್ಕಬೋರಮ್ಮ ಫೋನಿನ ಹತ್ತಿರ ಬಾಗಿದರು. "ಡಾಕ್ಟ್ರಮ್ಮ, ಅಂಗಾರೆ ನಮ್ಮತ್ತೆ ನನ್ನೊಳ್ಗೂ ಅವ್ರಾ?"

"ಅವರಿಂದ ಬಂದದ್ದು ಒಂದಿಷ್ಟು ಇರಬಹುದಮ್ಮ."

ಚಿಕ್ಕಬೋರಮ್ಮ ಮೆಲ್ಲಗೆ ಹೊಸಿಲ ಮೇಲೆ ಕೂತರು.

ಹೊನ್ನಯ್ಯನವರು ಛಾವಣಿ ನೋಡುತ್ತ ಏನನ್ನೋ ಲೆಕ್ಕ ಹಾಕುತ್ತಿದ್ದರು. ಅಕ್ಕ ಮದುವೆಯಾಗಿ ಹಲಗೂರಿಗೆ ಹೋಗಿ ಐವತ್ತು ವರ್ಷ. ತಾವು ಬೆಳಗಿನ ಮೊದಲ ಬಸ್ಸಿಗೆ ಹೋಗಿ ಕೊನೆಯ ಬಸ್ಸಿಗೆ ಬರುತ್ತಿದ್ದವರು. ಅವ್ವನ ಜೊತೆ ಕೊನೆಯವರೆಗೂ ಕೂತು ಉಂಡವರು ಯಾರು?

"ಮಕ್ಸೂದು, ಇಡ್ಕಳ್ಲಾ" ಎಂದರು.

ಆಟೋ ತರುತ್ತೇನೆಂದರೂ ಕೇಳಲಿಲ್ಲ. ಮಕ್ಸೂದನ ಹೆಗಲ ಮೇಲೆ ಕೈ ಹಾಕಿ, ಒಂದೇ ಕಾಲಲ್ಲಿ ಕುಪ್ಪಳಿಸುತ್ತ, ಹಸಿರು ಸೀರೆ ನೆಲ ಗುಡಿಸುತ್ತ ಬೀದಿ ದಾಟಿದರು. ದಾರಿಹೋಕರು ನಿಂತು ನೋಡಿದರು. ಜಾನ್ ಬೀ ಎಲೆ ಅಡಿಕೆ ಉಗಿಯುವುದನ್ನೂ ಮರೆತರು. ಹೊನ್ನಯ್ಯನವರು ಟೈರಿನ ಮುಂದೆ ಬಂದು ನಿಂತರು.

"ನಾಗ."

"ನಾನು ಆಪರೇಸನ್ ಕಣಣ್ಣ."

"ಗೊತ್ತು ಸುಮ್ಕಿರ್ಲಾ. ಅಕ್ಕನ ತಾವು ಇರಾದು ಮದ್ವೆಗೆ ಮುಂಚಿನ ಅವ್ವ. ನನ್ ತಾವು ಇರಾದು ನಾನು ಡೂಟಿಗೆ ಸೇರಕ್ಕೆ ಮುಂಚಿನ ಅವ್ವ. ನೀನ್ ತುತ್ತಿಕ್ಕಿದ ಅವ್ವನ್ನ ನಾವಿಬ್ರೂ ಕಂಡೇ ಇಲ್ಲ. ಆ ಅವ್ವ ಇರಾದು ನಿನ್ ತಾವೇ." ಉಸಿರು ಎಳೆದುಕೊಂಡರು. "ಈಗ ಔಸ್ದಿ ಒಳಕ್ ಓದ್ರೆ ನನ್ನೋಳು ಇಳುದ್ಬುಡ್ತಳಂತೆ. ನಾನ್ ವಾಪಸ್ ಬಂದ್ರೆ... ನಿನ್ ತಾವಿಂದ ಒಂದಿಷ್ಟು ಕೊಟ್ಟೀಯಾ?"

ನಾಗರಾಜು ತಿರುಗಿದ. ಏನು ಹೇಳಬೇಕೆಂದಿದ್ದನೋ, ಅಣ್ಣನ ಕಾಲು ಕಣ್ಣಿಗೆ ಬಿತ್ತು. ಇಡೀ ಹಬ್ಬದ ಗಲಾಟೆಯಲ್ಲಿ ಅವನು ಅದನ್ನು ನೋಡಿರಲೇ ಇಲ್ಲ. ಹಾಲಿನ ಡೈರಿಯ ಆ ಮೆತ್ತನೆಯ ಮನುಷ್ಯ ಜೀವನದಲ್ಲಿ ಮೊದಲ ಸಲ ಅರಚಿದ:

"ಥೂ ನಿನ್ನ! ಇಂಥಾ ಕಾಲಿಟ್ಕಂಡು ನಿಂತ್ಕಂಡು ಅವ್ವನ್ನ ಪಾಲು ಮಾಡ್ತೀಯಲ್ಲಾ! ಮಕ್ಸೂದಣ್ಣ, ಆಟೋ!"

ಮಂಡ್ಯದ ಆಸ್ಪತ್ರೆಯಲ್ಲಿ ಅವರನ್ನು ಸೇರಿಸಿಕೊಂಡ ಡಾಕ್ಟರು ಕಾಲು ನೋಡಿ, ಬೆರಳು ನೋಡಿ, ಮನೆಯವರನ್ನು ಹೊರಗೆ ಕರೆದು, "ಎರಡು ದಿನ ಕಾಯೋಣ. ಕಪ್ಪಾದರೆ ತೆಗೆಯಲೇಬೇಕು" ಎಂದರು. ಆ ಎರಡು ದಿನ ಚಿಕ್ಕಬೋರಮ್ಮ ಮಂಚದ ಕಾಲುದೆಸೆ ಬಿಟ್ಟು ಕದಲಲಿಲ್ಲ. ಗಳಿಗೆಗೊಂದು ಸಲ ಹೊದಿಕೆ ಎತ್ತಿ ಕಿರುಬೆರಳಿನ ಬಣ್ಣ ನೋಡುವರು. ತಲೆದೆಸೆಯಲ್ಲಿ ಬಾಟಲಿಯಿಂದ ಔಷಧಿ ತೊಟ್ಟಿಕ್ಕುತ್ತಿತ್ತು. ಒಂದೊಂದು ತೊಟ್ಟು ಬಿದ್ದಾಗಲೂ ಹೊನ್ನಯ್ಯನವರ ತುಟಿ ಅಲ್ಲಾಡುತ್ತಿತ್ತು. ದೇವರ ನಾಮವೆಂದು ನಾನು ಕಿವಿಗೊಟ್ಟೆ. "ಇಳ್ಕಳಿ... ನಿಧಾನ... ಮೆಟ್ಲು ನೋಡ್ಕಂಡು ಇಳ್ಕಳಿ ತಾಯಿ... ನಿಧಾನ..." ಎನ್ನುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ಬಂದು ಕಿರುಬೆರಳನ್ನು ಒತ್ತಿದರು. ಹೊನ್ನಯ್ಯನವರು ವಾರ್ಡಿನ ಕೊನೆಗೆ ಕೇಳುವ ಹಾಗೆ ಕಿರುಚಿದರು. "ಒಳ್ಳೇದು. ನೋಯ್ತಿದೆ ಅಂದ್ರೆ ಬದುಕಿದೆ" ಎಂದರು ಡಾಕ್ಟರು. "ಬೆರಳು ಉಳೀತು. ಇವತ್ತಿಂದ ಮನೆ ಊಟ ಕೊಡಿ." ಚಿಕ್ಕಬೋರಮ್ಮ ಆಗ ಅತ್ತರು.

ಮಧ್ಯಾಹ್ನ ನಾಗರಾಜು ಹನಕೆರೆಯಿಂದ ಕ್ಯಾರಿಯರ್ ತಂದ. ಬಿಸಿ ಮುದ್ದೆ, ಸೊಪ್ಪಿನ ಬಸ್ಸಾರು. ತಟ್ಟೆ ಒಂದೇ ತಂದಿದ್ದ. ಅಣ್ಣನ ಬಲಗೈಗೆ ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದರಿಂದ, ಮಂಚದ ಅಂಚಿನಲ್ಲಿ ಕೂತು ತಾನೇ ಮುದ್ದೆ ಮುರಿದ. ಮೊದಲ ತುತ್ತನ್ನು ತಾನು ಉಂಡ. ಅದೇ ಕೈಯಲ್ಲಿ ಎರಡನೆಯದನ್ನು ಉಂಡೆ ಮಾಡಿ, ಸಾರಿನಲ್ಲಿ ಅದ್ದಿ, ಅಣ್ಣನ ಬಾಯಿಗಿಟ್ಟ.

ಮೂರು ದಿನ ಗಂಜಿ ನೀರಿನಲ್ಲಿದ್ದ ನಿತ್ರಾಣಕ್ಕೋ, ಕಣ್ಣು ತುಂಬಿ ಬಂದದ್ದಕ್ಕೋ, ಮುದ್ದೆ ಉಂಡು ಬೆಳೆದ ಯಾರೂ ಮಾಡದ ತಪ್ಪನ್ನು ಹೊನ್ನಯ್ಯನವರು ಮಾಡಿದರು. ತುತ್ತನ್ನು ನಾಲಿಗೆಯ ಮೇಲೆ ಉಳಿಸಿಕೊಂಡು ಮೆಲ್ಲಗೆ ದವಡೆ ಆಡಿಸಿದರು.

ನಾಗರಾಜು ಥಟ್ಟನೆ ಅವರ ಗದ್ದ ಹಿಡಿದುಕೊಂಡ.

"ಏ ಅಣ್ಣ! ಅಗೀಬ್ಯಾಡ ಕಣೋ, ಅವ್ವಂಗೆ ನೋವಾದಾತು! ನುಂಗು."